ಕುರ್ಚಿ ಸಾರ್

ಅವರ ಹೆಸರು ಕುರಾಮೊಚಿ.
ಗೌತಮಪುರದ ಹುಡುಗರ ಬಾಯಲ್ಲಿ
ಮೂರೇ ದಿನಕ್ಕೆ ಕುರ್ಚಿ ಆಯಿತು.
ತಮಾಷೆಯೆಂದರೆ, ಆಟ ನಡೆಯುವಾಗ
ಆ ಮನುಷ್ಯ ಒಮ್ಮೆಯೂ ಕೂತದ್ದಿಲ್ಲ.
ಸುಣ್ಣದ ಗೆರೆಯಾಚೆ, ಬಲಮಂಡಿಯ ಭಾರ ಎಡಕ್ಕೆ ಕೊಟ್ಟು
ಮುಗಿಯುವ ತನಕ ನಿಂತೇ.

ನಾನು ಜೆರ್ಸಿ ಒಗೆಯುವವನು.
ಮೊದಲು ಮಿಲ್ಲಿನ ತಂಡಕ್ಕೆ, ಮಿಲ್ಲು ಮುಚ್ಚಿದ ಮೇಲೆ ಕ್ಲಬ್ಬಿಗೆ.
ಕಲೆ ನೋಡಿ ಆಟ ಹೇಳಬಲ್ಲೆ:
ಮುಂದೆ ಆಡುವವರಿಗೆ ಎದೆಯ ಮೇಲೆ ಮಣ್ಣು,
ಗೋಲಿಗೆ ಮೊಣಕೈ,
ಹಿಂದಿನವರಿಗೆ ಸೊಂಟದ ಪಕ್ಕ, ಎಷ್ಟು ಉಜ್ಜಿದರೂ ಬಗ್ಗದ್ದು.
ಇವರು ಆಡಲೆಂದು ಬಂದ ವರ್ಷ, ಮೂವತ್ತಾರರ ವಯಸ್ಸು,
ನಾಲ್ಕನೇ ನಂಬರಿನ ಅಂಗಿ
ಕೊಟ್ಟ ಹಾಗೇ ವಾಪಸು ಬರುತ್ತಿತ್ತು.
ಇವನು ಆಡಲೇ ಇಲ್ಲವಾ ಅಂದುಕೊಂಡೆ.
ಬೆವರಿನ ತೂಕ ಮಾತ್ರ ಎರಡರಷ್ಟು.

ಒಂದು ಸಲ ಮೊಬೈಲಿನಲ್ಲಿ ತೋರಿಸಿದರು
ಅವರ ದೇಶದ ಹಳೆಯ ಆಟ.
ಹಡಗಿಗೆ ಬಣ್ಣ ಬಳಿಯುವ ಕಂಪನಿಯ ತಂಡ,
ಎರಡನೇ ದರ್ಜೆ, ಗ್ಯಾಲರಿ ತುಂಬ ಕೊಡೆ.
ಕ್ಯಾಮೆರಾ ಚೆಂಡಿನ ಹಿಂದೆಯೇ,
ಹಸುವಿನ ಹಿಂದೆ ಕರುವಿನ ಹಾಗೆ.
ಪರದೆಯ ಅಂಚಿಗೆ ಬೆರಳಿಟ್ಟು, ನಾನು, ಅಂದರು.
ಒಂದು ಮೊಣಕೈ. ಅರ್ಧ ನೆರಳು.
ಹದಿಮೂರು ವರ್ಷ, ಮುನ್ನೂರ ಹನ್ನೊಂದು ಆಟ,
ಹೊಡೆದದ್ದು ಒಂದೇ ಗೋಲು, ಅದೂ ಸ್ವಂತ ಬಲೆಗೆ.
ಅದನ್ನು ಮಾತ್ರ ಕ್ಯಾಮೆರಾ ಪೂರ್ತಿ ಹಿಡಿದಿದೆ.

ಎರಡನೇ ವರ್ಷ ಮಂಡಿ ಹೋಯಿತು.
ಕ್ಲಬ್ಬಿನವರು ವಾಪಸಿನ ಟಿಕೆಟ್ಟು ತೆಗೆಸಿದ್ದರು.
ಹೋಗಲಿಲ್ಲ. ಹುಡುಗರಿಗೆ ಕಲಿಸಲು ನಿಂತರು.

ಕನ್ನಡ ಅವರಿಗೆ ಬಂದದ್ದು ಒಂದೊಂದೇ ಪದವಾಗಿ.
ಬಿಡು. ನೋಡು. ತಿರುಗು. ಕಾಲು ಹಾಕಬೇಡ.
ಒಂದು ದಿನ ಹಲಸೂರಿನ ಟೀ ಅಂಗಡಿಯವನು
ಹಾಲು ಇನ್ನೂ ಕಾಯ್ತಾ ಇದೆ ಸಾರ್, ಅಂದ.
ವೀಸಾ ಕಚೇರಿಯಾಕೆ ಕಾಯಿರಿ ಅಂದಳು. ನಾಲ್ಕು ಗಂಟೆ.
ಗೇಟಿನ ಮುನಿಯಲ್ಲಪ್ಪನನ್ನು ಏನು ಕೆಲಸವೆಂದರೆ
ರಾತ್ರಿಯೆಲ್ಲಾ ಈ ಮೈದಾನ ಕಾಯೋದು, ಅಂದ.
ಸಂಜೆ ನನ್ನ ಬಳಿ ಬಂದರು, ಕೈಯಲ್ಲಿ ಪುಟ್ಟ ನೋಟುಬುಕ್ಕು:
ಒಲೆ ಮೇಲಿಟ್ಟದ್ದೂ ಕಾಯುತ್ತೆ,
ಬಾರದವರಿಗಾಗಿ ಕೂತವನೂ ಕಾಯ್ತಾನೆ,
ಕಳ್ಳ ಬರದ ಹಾಗೆ ನೋಡುವವನೂ ಕಾಯ್ತಾನೆ.
ಮೂರೂ ಒಂದೇನಾ?
ನನಗೇನು ಗೊತ್ತು. ಒಂದೇ, ಅಂದೆ.

ಮಾರನೆಯ ದಿನದಿಂದ ಮೈದಾನದಲ್ಲಿ ಒಂದೇ ಕೂಗು:
ಕಾಯಿ! ಕಾಯಿ ಇನ್ನಾಸಿ, ಕಾಯಿ!
ರಸ್ತೆಯವರು ತೆಂಗಿನಕಾಯಿ ಗಾಡಿ ಬಂತೆಂದು ಇಣುಕಿದರು.

ಹದಿನೈದರೊಳಗಿನವರ ಸೆಮಿಫೈನಲ್, ಆಸ್ಟಿನ್ ಟೌನ್ ಮೈದಾನ,
ಹಿಂದಿನ ರಾತ್ರಿ ಸುರಿದು ಎಲ್ಲಾ ಕೆಂಪು ಕೆಸರು.
ಕೊನೆಯ ನಿಮಿಷ. ಎದುರಿನ ಹುಡುಗ
ಬ್ರೇಕಿಲ್ಲದ ಬಸ್ಸಿನ ಹಾಗೆ ಬಂದ.
ಹಿಂದೆ ಉಳಿದವನು ಇನ್ನಾಸಿಮುತ್ತು ಒಬ್ಬನೇ.
ಬೀಳ್ಸೋ, ಬೀಳ್ಸೋ ಎಂದು ಜನ;
ಅವನಪ್ಪ ತಮಿಳಿನಲ್ಲಿ ಇನ್ನೂ ಜೋರಾಗಿ.
ಬೀಳಿಸಲಿಲ್ಲ ಅವನು. ಓರೆಯಾಗಿ ತಿರುಗಿ
ಒಂದು ಮೊಳ ಬಿಟ್ಟು ಹಿಂದೆ ಹಿಂದೆ ಸರಿದ,
ಇಗೋ ಬಾಗಿಲು, ಹೋಗಪ್ಪಾ ಎನ್ನುವವನ ಹಾಗೆ.
ಆ ಬಾಗಿಲಾಚೆ ಬರೀ ಗೋಡೆ.
ಹುಡುಗ ಒಂದು ಸಲ ಹೆಚ್ಚಿಗೆ ಮುಟ್ಟಿದ. ಚೆಂಡು ಗೆರೆ ದಾಟಿತು.
ಏನೂ ಆಗಲಿಲ್ಲ.
ಅಷ್ಟೇ.

ಪೆನಾಲ್ಟಿಯಲ್ಲಿ ಸೋತೆವು, ಅದು ಬೇರೆ ಮಾತು.
ಆಗದೇ ಹೋದದ್ದನ್ನು ಪೇಪರಿನವರು ಬರೆಯುವುದಿಲ್ಲ.
ಆ ಚೆಂಡು ಗೆರೆ ದಾಟಿದಾಗ ಮಾತ್ರ ನಾನು ಈ ಕಡೆ ನೋಡಿದ್ದೆ:
ಕುರ್ಚಿ ಸಾರ್ ಕೆಸರಿನಲ್ಲೇ ಕೂತಿದ್ದರು,
ಕಾಲು ನೀಡಿ, ಬೂಟಿನ ಲೇಸು ಸಡಿಲಿಸಿ,
ಗೋಡೆ ಮುಗಿಸಿದ ಗಾರೆಯವನ ಹಾಗೆ.

ರಾತ್ರಿ ಹಂಡೆಯ ಕೆಳಗೆ ಸೌದೆ ತುರುಕಿ
ಹದಿನಾರು ಜೆರ್ಸಿ ಎಣಿಸಿದೆ. ಹದಿನೈದು ನೆನೆಹಾಕಿದೆ.
ಇನ್ನಾಸಿಯದನ್ನು ತಿರುವಿ ನೋಡಿದೆ.
ಕಲೆಯಿಲ್ಲ. ಕೈಗೆ ಭಾರ.
ನೀರು ಇನ್ನೂ ಕಾಯುತ್ತಿತ್ತು.
ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು
ಒಲೆಯ ಮುಂದೆ ಕೂತೆ.